ಅಂಗಿಯ ಮಡಿಕೆಯಲ್ಲಿ ಸಂತ

ಅಂದು ಬೆಳಗಿನ ಪ್ರಾರ್ಥನೆಯಲ್ಲಿ ಫಿಲುಮೆನಾ ತಪ್ಪಿದಳು.

ಮೊದಲು ಸತ್ತವರ ಹೆಸರು, ಆಮೇಲೆ ಬದುಕಿರುವವರ ಹೆಸರು. ಅವಳ ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ನಡೆದು ಬಂದ ಕ್ರಮ ಅದು. ಸಂತ ಲಾರೆನ್ಸರ ಪಟದ ಮುಂದೆ ಮೊಣಕಾಲೂರಿ ಗಂಡನ ಹೆಸರು ಹೇಳಿದಳು, ಹಿರಿಯ ಮಗ ಲುರೆಟ್‌ನ ಹೆಸರು ಹೇಳಿದಳು, ಅದೇ ಉಸಿರಿನಲ್ಲಿ "ಸಾವೆರ್" ಎಂದುಬಿಟ್ಟಳು. ಕಿರಿಯ ಮಗ ಸಾವೆರ್ ಅವಳ ಪಕ್ಕದಲ್ಲೇ ಇದ್ದ.

"ಅಮ್ಮಾ, ನಾನಿನ್ನೂ ಚಹಾನೇ ಕುಡಿದಿಲ್ಲ. ಈಗ್ಲೇ ಕಳಿಸಿಬಿಟ್ಯಾ?" ಎಂದು ಅವನು ನಕ್ಕ.

"ಸುಮ್ನಿರೋ. ನಾಲಿಗೆ ಜಾರ್ತು."

ಅವಳು ಮತ್ತೆ ಮೊದಲಿನಿಂದ ಹೇಳಿದಳು. "ಪ್ರಭುವೇ, ಈ ಬಾಗಿಲಿನಿಂದ ಹೋಗುವವರನ್ನು ಇದೇ ಬಾಗಿಲಿನಿಂದ ಒಳಗೆ ಕರೆದು ತಾ" ಎಂದು ಇಬ್ಬರೂ ಶಿಲುಬೆಯ ಗುರುತು ಹಾಕಿಕೊಂಡು ಎದ್ದರು. 

ಸಂತನ ಹಬ್ಬಕ್ಕೆ ಮುಂಚಿನ ಕೊನೆಯ ಕೆಲಸದ ದಿನ ಅದು. ಮಾಲ್ಟಾದ ಎಲ್ಲ ಊರುಗಳಂತೆ ಅವರ ಊರಿಗೂ ಹೊರಗೆ, ಕಲ್ಲುಗೋಡೆಯ ಹೊಲಗಳ ನಡುವೆ, ಒಂದು ಮದ್ದಿನ ಮನೆಯಿತ್ತು. ಹಬ್ಬದ ಸಿಡಿಮದ್ದನ್ನು ಊರ ಗಂಡಸರೇ ಅಲ್ಲಿ ಕೂತು ಅರೆದು, ತುಂಬಿ, ಕಟ್ಟುತ್ತಿದ್ದರು. ಅದಕ್ಕೆ ಕೂಲಿಯಿಲ್ಲ, ಸಂತನ ಸೇವೆ. ಸಾವೆರ್ ಹಡಗುಕಟ್ಟೆಯ ಕೆಲಸದಿಂದ ಸಿಕ್ಕಿದ ರಜೆಯನ್ನೆಲ್ಲ ಅಲ್ಲೇ ಕಳೆಯುತ್ತಿದ್ದ. ಲುರೆಟ್ ಕೂಡ ಹಾಗೆಯೇ ಕಳೆದಿದ್ದ. ನಾಲ್ಕು ವರ್ಷದ ಹಿಂದೆ ಸತ್ತದ್ದೂ ಅಲ್ಲೇ. ಮದ್ದು ಸಿಡಿದ ಆ ಬೆಳಿಗ್ಗೆ ಊರಿನ ಕಿಟಕಿಗಳೆಲ್ಲ ಒಡೆದವು. ಚರ್ಚಿಗೆ ಹೊತ್ತುತಂದ ಶವಪೆಟ್ಟಿಗೆ ಹಗುರವಾಗಿತ್ತೆಂದು ಹೊತ್ತವರು ಅವಳಿಗೆ ಹೇಳಲಿಲ್ಲ. ಅವರ ನಡಿಗೆ ನೋಡಿಯೇ ಅವಳಿಗೆ ಗೊತ್ತಾಯಿತು.

ಮದ್ದಿನ ಮನೆಯ ಒಳಗೆ ಲೋಹದ ಚೂರೂ ಹೋಗಬಾರದು, ಕಿಡಿಯ ಭಯ. ಗೇಟಿನ ಹತ್ತಿರ ಒಂದು ಮರದ ಪೆಟ್ಟಿಗೆ. ಉಂಗುರ, ಬೀಗದ ಕೈ, ಬೆಲ್ಟು, ಕೊರಳ ಶಿಲುಬೆ ಎಲ್ಲ ಅದರೊಳಗೆ. ಲುರೆಟ್ ತನ್ನ ದೀಕ್ಷಾಸ್ನಾನದ ಬೆಳ್ಳಿ ಪದಕವನ್ನು ಅದರಲ್ಲಿ ಹಾಕಿ ಒಳಗೆ ಹೋಗಿದ್ದ. ಮದ್ದಿನ ಮನೆಯ ಹಿರಿಯ ಬೆರ್ತು ಮೇಸ್ತ್ರಿ ಅದನ್ನು ತಂದು ಅವಳ ಕೈಯಲ್ಲಿಟ್ಟಾಗ ಅದರಲ್ಲಿ ಕೆತ್ತಿದ್ದ ಸಂತನ ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಆ ಗೀರಿಲ್ಲದ ಬೆಳ್ಳಿಯೇ ಅವಳನ್ನು ನಾಲ್ಕು ವರ್ಷ ಕೊರೆಯಿತು. ಸಂತ ಹೊರಗೆ ಉಳಿದ, ಮಗ ಒಳಗೆ ಒಬ್ಬನೇ ಹೋದ. ಅವಳ ಲೆಕ್ಕದಲ್ಲಿ ನಡೆದದ್ದು ಇಷ್ಟೇ.

ಹಿಂದಿನ ಸಂಜೆ ಸಾವೆರ್‌ನ ಹತ್ತಿಯ ಅಂಗಿಗೆ ಇಸ್ತ್ರಿ ಮಾಡುವಾಗ ಅವಳು ಕೆಳಗಿನ ಮಡಿಕೆ ಬಿಚ್ಚಿ, ಪದಕವನ್ನು ಒಳಗಿಟ್ಟು, ಸಣ್ಣ ಹೊಲಿಗೆ ಹಾಕಿದ್ದಳು. ಬೆಳ್ಳಿಯಿಂದ ಕಿಡಿ ಹಾರೀತು, ಸಂತನಿಂದ ಹಾರುವುದುಂಟೇ?

ಸಾವೆರ್ ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ರೊಟ್ಟಿಯನ್ನು ನಿಂತೇ ತಿಂದ. ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೊರಗೆ ಕೈಚಾಚಿದ.

"ಗಾಳಿ ನೋಡು, ಒಂಚೂರೂ ತೇವ ಇಲ್ಲ. ಇಂಥ ದಿನ ಮದ್ದು ಬೇಗ ಹತ್ಕೊಳ್ಳುತ್ತೆ, ಮೇಸ್ತ್ರಿ ಎಲ್ಲರ ಮೇಲೂ ಹಾರಾಡ್ತಾನೆ."

"ನಿಧಾನ, ಮಗಾ."

"ನಿಧಾನವೇ. ಸಂಜೆ ಮೊಲದ ಸಾರು ಮಾಡಿಡು. ಸತ್ತವರ ಪಟ್ಟೀಲಿ ಸೇರಿಸಿದ್ದಕ್ಕೆ ದಂಡ."

ಅವನು ಹೋದ ಮೇಲೆ ಅವಳು ದೀಪದ ಎಣ್ಣೆ ನೋಡಲು ಪಟದ ಹತ್ತಿರ ಬಂದಳು. ಪಟದ ಕೆಳಗೆ ಸಾವೆರ್‌ನ ಕೊರಳ ಶಿಲುಬೆ, ಬೀಗದ ಕೈ, ಬೆಲ್ಟು ಸಾಲಾಗಿ ಇದ್ದವು. ದಿನವೂ ಅವನು ಅವನ್ನು ಮನೆಯಲ್ಲೇ ಬಿಡುತ್ತಿದ್ದ. "ಆ ಗೇಟಿನ ಪೆಟ್ಟಿಗೆಯಿಂದ ನಿನಗೆ ಇನ್ನೇನೂ ಬರೋದು ಬೇಡ" ಎಂದು ಒಮ್ಮೆ ಹೇಳಿದ್ದ. ದಿನವೂ ಕಂಡದ್ದೇ ಆದರೂ ಇವತ್ತು ಅವಳ ಕಾಲು ಅಲ್ಲೇ ನಿಂತಿತು. ತನ್ನ ಮೈಮೇಲೆ ಏನೂ ಇಲ್ಲವೆಂದು ನಂಬಿ ಅವನು ಹೋಗಿದ್ದಾನೆ. ಅರೆಯುವ ಕಲ್ಲಿನ ಮೇಲೆ ಅವನು ಬಗ್ಗುತ್ತಾನೆ. ಅಂಗಿಯ ಅಂಚು ಕಲ್ಲಿಗೆ ತಾಗುತ್ತದೆ. ಪ್ರಾರ್ಥನೆಯಲ್ಲಿ ಅವನ ಹೆಸರನ್ನು ಸತ್ತವರ ಸಾಲಿಗೆ ಸೇರಿಸಿದ್ದು ನಾಲಿಗೆಯಲ್ಲ, ಪದಕ ಹೊಲಿದ ಈ ಕೈ.

ಅವಳು ತಲೆಗೆ ಬಟ್ಟೆಯನ್ನೂ ಹಾಕಿಕೊಳ್ಳದೆ ಓಡಿದಳು. ಬೀದಿಯ ತುದಿಯಲ್ಲಿ ಬಾಗಿಲು ತೊಳೆಯುತ್ತಿದ್ದ ನೆರೆಯ ದೊಲೊರ್ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇದೇನೇ ಫಿಲುಮೆನಾ, ತಲೆಗೆ ಬಟ್ಟೇನೂ ಇಲ್ದೆ ಓಟ? ಹಬ್ಬ ಇರೋದು ನಾಳಿದ್ದು! ಸಂತ ಎಲ್ಲೂ ಓಡಿಹೋಗಲ್ಲ!"

ಅವಳು ನಿಲ್ಲದೆ ಹೊಲದ ದಾರಿ ಹಿಡಿದಳು.

ಗೇಟು ಮುಟ್ಟಿದಾಗ ಪೆಟ್ಟಿಗೆಯ ಮುಚ್ಚಳ ಹಾಕಿತ್ತು. ದಿನವೂ ಬಾಗಿಲ ಹೊರಗೆ ಹೇಳುವ ಪ್ರಾರ್ಥನೆ ಮುಗಿಸಿ ಗಂಡಸರು ಒಳಗೆ ಹೋಗಿದ್ದರು. ಕೂಗಲು ಬಾಯಿ ತೆರೆದವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಮದ್ದಿನ ಮನೆಯ ಹತ್ತಿರ ಯಾರೂ ಕೂಗಬಾರದು, ಓಡಬಾರದು, ಬಾಗಿಲು ಬಡಿಯಬಾರದು. ಬೆಚ್ಚಿದ ಕೈ ಮದ್ದಿಗಿಂತ ಕೆಟ್ಟದ್ದೆಂದು ಅವಳ ಗಂಡ ಹೇಳುತ್ತಿದ್ದ. ಆದರೆ ಅವನೇ ಹೇಳಿದ್ದ ಇನ್ನೊಂದು ನಿಯಮವೂ ಅವಳಿಗೆ ನೆನಪಾಯಿತು: ಪ್ರಾರ್ಥನೆ ನಡೆಯುವಾಗ ಯಾರ ಕೈಯೂ ಮದ್ದಿನ ಮೇಲೆ ಇರಬಾರದು.

ಮೊಳೆಯಿದ್ದ ಚಪ್ಪಲಿ ಬಿಟ್ಟಳು. ತಲೆಯ ಪಿನ್ನು, ಮದುವೆಯ ಉಂಗುರ, ಕೊನೆಗೆ ಜಪಮಾಲೆಯನ್ನೂ ಪೆಟ್ಟಿಗೆಯಲ್ಲಿಟ್ಟಳು. ಬರಿಗಾಲಲ್ಲಿ, ಒರಟು ಕಲ್ಲಿನ ಮೇಲೆ, ಬಾಗಿಲವರೆಗೆ ನಡೆದಳು. ಒಳಗೆ ಮರದ ಒನಕೆ ಮೆಲ್ಲಗೆ ಕುಟ್ಟುವ ಸದ್ದಿತ್ತು. ಆ ಸದ್ದಿಗಿಂತ ಮೆಲ್ಲಗೆ ಅವಳು ಗಂಡಸರ ಆ ಬಾಗಿಲ ಪ್ರಾರ್ಥನೆಯನ್ನು ಆರಂಭಿಸಿದಳು:

"ನಮ್ಮ ಕೈಗಳನ್ನು ನಿನ್ನ ಕೈಯಲ್ಲಿಟ್ಟಿದ್ದೇವೆ..."

ಒನಕೆ ನಿಂತಿತು. ಆಮೇಲೆ ಗಂಡಸರ ದನಿಗಳು ಒಂದೊಂದಾಗಿ ಉತ್ತರ ಕೊಟ್ಟವು: "ನಿಧಾನ ಕೊಡು, ಪ್ರಭುವೇ."

ಬಾಗಿಲು ಸಂದಿನಷ್ಟು ತೆರೆಯಿತು. ಬೆರ್ತು ಮೇಸ್ತ್ರಿ ಅವಳ ಮುಖ ನೋಡಿದ, ಬರಿಗಾಲು ನೋಡಿದ.

"ಏನು ಮಾಡಿದೀಯ, ಫಿಲುಮೆನಾ?"

"ಸಾವೆರ್‌ನ ಅಂಗಿ. ಕೆಳಗಿನ ಮಡಿಕೇಲಿ."

ಮೇಸ್ತ್ರಿ ತಿರುಗಲಿಲ್ಲ, ದನಿ ಏರಿಸಲಿಲ್ಲ. "ಸಾವೆರ್, ಕೈ ಎರಡೂ ಮೇಲೆತ್ತು. ಹಾಗೇ ಏಳು. ಯಾವುದಕ್ಕೂ ತಾಗದ ಹಾಗೆ ಬಾ, ಮರಿ." ಒಳಗೆ ಒಂದೇ ಒಂದು ಮುದಿ ದನಿ ನಿಲ್ಲಲಾರದೆ "ನಿಧಾನ ಕೊಡು, ನಿಧಾನ ಕೊಡು" ಎನ್ನುತ್ತಲೇ ಇತ್ತು.

ದೂರದ ಮರದ ಕೆಳಗೆ ಮೇಸ್ತ್ರಿ ಸಾವೆರ್ ಬಿಚ್ಚಿಕೊಟ್ಟ ಅಂಗಿಯ ಹೊಲಿಗೆಯನ್ನು ಹಲ್ಲಿನಿಂದ ಕಿತ್ತ. ಪದಕ ಅವನ ಅಂಗೈಗೆ ಬಿತ್ತು. ಅವನು ಅದನ್ನು ಗುರುತು ಹಿಡಿದು ಟೋಪಿ ತೆಗೆದ.

ಸಾವೆರ್‌ನ ತುಟಿ ಬಿಳಿಚಿತ್ತು. "ಅಮ್ಮಾ, ನಾನು ಕಲ್ಲಿನ ಮುಂದೆ ಕೂತಿದ್ದೆ. ಒಳಗೆ ಎಷ್ಟು ಜನ ಇದಾರೆ ಗೊತ್ತಾ?"

"ಲುರೆಟ್ ಒಬ್ಬನೇ ಹೋದ ಅಂತ... ನೀನೂ ಹಾಗೆ ಹೋಗಬಾರದು ಅಂತ..."

"ಒಬ್ಬನೇ ಹೋಗಲಿಲ್ಲಮ್ಮ" ಎಂದ ಮೇಸ್ತ್ರಿ. "ನಾವು ಬಾಗಿಲಲ್ಲಿ ದಿನಾ ಪ್ರಾರ್ಥನೇಲಿ ಯಾರನ್ನ ಕರೆಯೋದು?"

"ಹಾಗಾದ್ರೆ ಯಾಕೆ ಸತ್ತ?"

ಮೇಸ್ತ್ರಿ ಪದಕವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ಇವತ್ತೊಂದು ದಿನ ಇವನನ್ನ ಕಳಿಸಿಬಿಡು, ಬೆರ್ತು. ನಿನ್ನ ಕಾಲಿಗೆ ಬೀಳ್ತೀನಿ."

ಸಾವೆರ್ ಮೇಸ್ತ್ರಿಯ ಹಳೆಯ ಅಂಗಿಯನ್ನು ತೊಡುತ್ತಿದ್ದ. "ಬೆರೆಸಿದ್ದು ಅರ್ಧಕ್ಕೆ ನಿಂತಿದೆ, ಅಮ್ಮಾ. ಈ ಒಣಗಾಳೀಲಿ ಅದನ್ನ ಬಿಟ್ಟು ಬರೋ ಹಾಗಿಲ್ಲ. ಬೆರೆಸಿದವನೇ ಮುಗಿಸಬೇಕು."  ಗುಂಡಿಯ ಬದಲು ಇದ್ದ ದಾರದ ಗಂಟನ್ನು ಅವನು ಎರಡು ಸಲ ತಪ್ಪಿ ಕಟ್ಟಿದ್ದನ್ನು ಅವಳು ನೋಡಿದಳು. ಮೇಸ್ತ್ರಿಯೂ ನೋಡಿದ.

"ನಡುಕ ನಿಲ್ಲೋವರೆಗೂ ಬಾಗಿಲಲ್ಲಿ ಪ್ರಾರ್ಥನೆ ಹೇಳೋಣ" ಎಂದು ಮೇಸ್ತ್ರಿ ಅವನ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದ.

ಅವರು ಬಹಳ ಹೊತ್ತು ಹೇಳಿದರು. ಆಮೇಲೆ ಬಾಗಿಲು ಮುಚ್ಚಿತು.

ಫಿಲುಮೆನಾ ಗೋಡೆಯ ಹೊರಗೆ ಕೂತಳು. ಪದಕವನ್ನು ಮಗನ ಮೈಯ ಬಿಸಿ ಆರದಿರಲೆಂಬಂತೆ ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಬೆಳಗಿನ ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹಿಡಿದಳು. ಗಂಡನ ಹೆಸರು ಹೇಳಿದಳು. ಲುರೆಟ್ ಎಂದಳು. ಅಲ್ಲಿಗೆ ಹಲ್ಲು ಕಚ್ಚಿ ತುಟಿ ಬಿಗಿದಳು. ಬದುಕಿರುವವರ ಸಾಲಿಗೆ ದಾಟಲು ಅವಳಿಗೆ ಧೈರ್ಯವಾಗಲಿಲ್ಲ. ಒಣಗಾಳಿ ಹೊಲದ ಹುಲ್ಲನ್ನು ಕರಕರ ಎನ್ನಿಸುತ್ತಿತ್ತು. ಒಳಗೆ ಒನಕೆ ಮತ್ತೆ ಶುರುವಾಯಿತು. ಸೂರ್ಯ ಇನ್ನೂ ಆ ಮನೆಯ ಮಾಡಿನ ಎತ್ತರಕ್ಕೂ ಬಂದಿರಲಿಲ್ಲ, ಸಂಜೆ ಬಹಳ ದೂರವಿತ್ತು.