ಪೇಪರಿನವರು ಸುಳ್ಳೆಂದ ಹಾಡು

“ಓದ ಬೇ ರಂಡಿ, ಜೋರಾಗಿ ಓದ! ಮೈಕ್ ಹಿಡದ್ರ ಗಂಟಲ ಹರಕೊಂಡ ಒದರ್ತಿ, ಈಗೇನ ನಾಲಿಗಿ ಬಿದ್ದ ಹೋಗೇತೇನ?”

ರಾವಸಾಹೇಬ ಮಡಚಿದ ಪತ್ರಿಕೆಯಿಂದ ನೀಲಮಳ ಗಲ್ಲಕ್ಕೆ ಬಡಿದ. ನಿಪ್ಪಾಣಿಯ ಅವನ ತಂಬಾಕು ತುಂಬಿಡುವ ವಖಾರಿಯಲ್ಲಿ ಜರಡಿ ಹಿಡಿದು ಕೂತಿದ್ದ ಹೆಂಗಸರು ಕೈ ನಿಲ್ಲಿಸಿದರು. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡಿದ್ದರಿಂದ ಕಣ್ಣಷ್ಟೇ ಕಾಣುತ್ತಿದ್ದವು. ನೀಲಮಳೂ ಅವರಲ್ಲೊಬ್ಬಳು. ವಾರವಿಡೀ ಇಲ್ಲಿ ತಂಬಾಕು ಜಾಡಿಸುತ್ತಿದ್ದಳು, ರವಿವಾರ ರಿಕ್ಷಾ ಹೊಡೆಯುವ ಸೋದರತ್ತೆಯ ಮಗ ವಿಕ್ರಾಂತನ ಜೊತೆ ಸೇರಿ ರ‍್ಯಾಪ್ ಹಾಡುತ್ತಿದ್ದಳು.

ಅವರ ಮೊದಲ ಆಲ್ಬಂ ‘ಹಂತಿ’ ಬಂದಾಗ ಇದೇ ರಾವಸಾಹೇಬ ಬಸ್ ಸ್ಟ್ಯಾಂಡಿನ ಎದುರು ಬ್ಯಾನರ್ ಕಟ್ಟಿಸಿದ್ದ, ತನ್ನ ಫೋಟೋ ದೊಡ್ಡದು, ಅವರದು ಸಣ್ಣದು. ವಿಕ್ರಾಂತನ ತಲೆಗೆ ಫೇಟಾ ಸುತ್ತಿಸಿದ್ದ. ಬೆಂಗಳೂರಿನ ಪತ್ರಿಕೆಗಳು ‘ಗಡಿನಾಡಿನ ಮಣ್ಣಿನ ವಾಸನೆ’ ಎಂದು ಹೊಗಳಿದ್ದವು. ಅದರಲ್ಲಿ ಕಣದಲ್ಲಿ ಹಂತಿ ತುಳಿಯುವ ಎತ್ತಿತ್ತು, ಕಬ್ಬಿತ್ತು, ಅಜ್ಜಿಯ ಸುಗ್ಗಿ ಪದವಿತ್ತು. ಯಾರಿಗೂ ಚುಚ್ಚುವಂಥದ್ದು ಏನೂ ಇರಲಿಲ್ಲ.

ಎರಡನೆಯದಕ್ಕೆ ‘ಘಾಟು’ ಎಂದು ಹೆಸರಿಟ್ಟರು. ಅದರಲ್ಲಿ ವಖಾರಿ ಇತ್ತು.

ನೀಲಮ ಪತ್ರಿಕೆ ಬಿಡಿಸಿ ‘ಘಾಟು’ವಿನ ವಿಮರ್ಶೆ ಓದಿದಳು. “‘ಹಂತಿ’ಯ ಮುಗ್ಧತೆ ಇಲ್ಲಿ ಮಾಯವಾಗಿದೆ. ಆಕ್ರೋಶವಿದೆ, ಕಲೆಯಿಲ್ಲ. ಬೀಗ ಹಾಕಿದ ಗೋದಾಮಿನೊಳಗೆ ಕೂಲಿ ಹೆಣ್ಣೊಬ್ಬಳು ಹೆರುವ ಹಾಡಂತೂ ತೀರಾ ಅತಿರಂಜಿತ. ಈ ಕಾಲದಲ್ಲೂ ಇಂಥದ್ದು ನಡೆಯುತ್ತದೆಂದು ಯಾರೂ ನಂಬಲಾರರು...”

ಅವಳು ಪತ್ರಿಕೆಯಿಂದ ಕಣ್ಣೆತ್ತಿದಳು. ಮೂಲೆಯಲ್ಲಿ ಸುಂದರಾ ತಲೆ ತಗ್ಗಿಸಿ ಕೂತಿದ್ದಳು. ಹೋದ ಬೇಸಿಗೆಯಲ್ಲಿ ಆಕೆಗೆ ಇಲ್ಲೇ, ದಿನ ತುಂಬುವ ಮೊದಲೇ ಬೇನೆ ಎದ್ದಿತ್ತು. ಮಾಲು ಕಳುವಾಗುತ್ತದೆಂದು ಹೊರಗಿನಿಂದ ಬೀಗ ಜಡಿದಿದ್ದರು. ಕೀಲಿ ರಾವಸಾಹೇಬನ ಕಾರಿನಲ್ಲಿ ಚಿಕ್ಕೋಡಿಯ ಮದುವೆಗೆ ಹೋಗಿತ್ತು. ನೀಲಮ ಆ ದಿನ ಜ್ವರ ಬಂದು ಮನೆಯಲ್ಲಿದ್ದಳು. ಒಳಗಿದ್ದ ಹೆಂಗಸರು ಬಾಯಿ ಬಿಡದ್ದರಿಂದ, ಕೂಸು ಸತ್ತೇ ಹುಟ್ಟಿತೆಂದು ಓಣಿಯವರು ಆಡಿಕೊಂಡದ್ದನ್ನೇ ಹಾಡು ಕಟ್ಟಿದ್ದಳು.

“ಕೇಳಿದ್ರಿಲ್ಲೋ?” ರಾವಸಾಹೇಬ ನಕ್ಕ. “ನಾ ಹೇಳಿದ್ದಲ್ಲ, ಬೆಂಗಳೂರ ಶಾಣ್ಯಾರು ಬರದಾರ, ಸುಳ್ಳಂತ! ನಾಳಿ ಮುಂಜಾನೆ ಇಲ್ಲೇ ಫೇಸ್‌ಬುಕ್ ಲೈವ್. ಹೆಸರಿನ ಆಸೇಕ ಸುಳ್ಳ ಹಾಡಿದ್ವಿ, ಮಾಫ್ ಮಾಡ್ರಿ ಅನ್ನು. ಇಲ್ಲಂದ್ರ ನಿಮ್ಮ ಓಣಿ ಒಂದ ಹೆಂಗಸಿಗೂ ನಿಪ್ಪಾಣ್ಯಾಗ ಕೆಲಸ ಸಿಗೂದಿಲ್ಲ. ಆ ವಿಕ್ರಾಂತಗೂ ಹೇಳು, ರಿಕ್ಷಾ ನೋಡಕೊಂಡ ಹೊಡಿ ಅಂತ. ಹೈವೇ ಮ್ಯಾಲ ಲಾರಿ ಭಾಳ ಅದಾವ.”

ಸಂಜೆ ರಿಕ್ಷಾ ಸ್ಟ್ಯಾಂಡಿನಲ್ಲಿ ವಿಕ್ರಾಂತ, ಪಕ್ಕದಲ್ಲಿ ನಿಂತ ನೀಲಮಳಿಗೂ ಕೇಳುವಂತೆ, ಆ ವಿಮರ್ಶಕನಿಗೆ ಫೋನ್ ಹಚ್ಚಿದ. ಎದುರಿನ ಚಹಾ ಅಂಗಡಿಯಲ್ಲಿ ರಾವಸಾಹೇಬನ ಕಡೆಯ ಇಬ್ಬರು ಚಹಾ ಊದಿ ಕುಡಿಯುತ್ತ ಇವರನ್ನೇ ನೋಡುತ್ತಿದ್ದರು.

“ಸರ್, ಆ ಹಾಡು ಖರೇ ಐತ್ರಿ. ಆ ಅಕ್ಕ ನಮ್ಮ ಓಣ್ಯಾಗ ಅದಾಳ್ರಿ.”

“ಇರಬಹುದು. ನಿಮ್ಮ ನೋವನ್ನ ಗೌರವಿಸ್ತೀನಿ. ಆದ್ರೆ ನಿಜ ಅಂದ ಮಾತ್ರಕ್ಕೆ ಕಲೆ ಆಗಲ್ಲ. ಸ್ವಲ್ಪ ಸೂಚ್ಯವಾಗಿರಬೇಕು. ಹೇಳದೇನೇ ಹೇಳಬೇಕು.”

ನೀಲಮ ಫೋನ್ ಕಸಿದುಕೊಂಡಳು. “ಹೇಳ್ಲಾರದ ಹೇಳಿದ್ರ ಇವ್ರು ಕೀಲಿ ತಗೀತಾರೇನ್ರಿ?”

“ಮುಂದಿನ ಆಲ್ಬಂಗೆ ಶುಭವಾಗಲಿ,” ಎಂದು ಅವನು ಫೋನ್ ಇಟ್ಟುಬಿಟ್ಟ.

ಅಲ್ಲಿಂದ ನೀಲಮ ಸುಂದರಾಳ ಮನೆಗೆ ಹೋದಳು. ಸುಂದರಾ ಹಾಡನ್ನು ಈವರೆಗೆ ಕೇಳಿರಲೇ ಇಲ್ಲ. ನೀಲಮಳ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು. ಮುಗಿದ ಮೇಲೆ ಒಲೆಯ ಕಡೆ ತಿರುಗಿ, “ಇನ್ನೊಮ್ಮಿ ಹಚ್ಚು,” ಎಂದಳು.

ಎರಡನೆಯ ಸಲ ಮುಗಿದಾಗ ನೀಲಮ ಕೇಳಿದಳು: “ನಾಳಿಗಿ ಏನ ಮಾಡ್ಲಿ ಅಕ್ಕಾ? ನಾ ಹಟ ಹಿಡದ್ರ ಎಲ್ಲಾರ ಒಲಿ ಆರ್ತಾವ.”

“ಲೈವ್ ಬೇಕಂದಾನಲ್ಲ, ಆಗ್ಲಿ ಬಿಡು,” ಎಂದಳು ಸುಂದರಾ.

ಮರುದಿನ ವಖಾರಿಯಲ್ಲಿ ರಾವಸಾಹೇಬ ಮೊದಲು ನೀಲಮಳ ಮೊಬೈಲು ಕಸಿದು ಕಿಸೆಗೆ ಹಾಕಿಕೊಂಡ. ಅವನ ಆಳು ಜಕ್ಕಪ್ಪ ಮಾಲಕನ ಫೋನಿನಲ್ಲಿ ಲೈವ್ ಚಾಲೂ ಮಾಡಿ ಎತ್ತಿ ಹಿಡಿದ. ನೀಲಮ ತುಟಿ ತೆರೆಯುವಷ್ಟರಲ್ಲಿ ಸುಂದರಾ ಎದ್ದು ಬಂದು ಪಕ್ಕಕ್ಕೆ ನಿಂತು ಮುಖಕ್ಕೆ ಕಟ್ಟಿದ್ದ ಸೆರಗು ಬಿಚ್ಚಿದಳು.

“ನಾ ಸುಂದರಾ. ಈ ಹಾಡು ಸುಳ್ಳ ಐತ್ರಿ.”

ರಾವಸಾಹೇಬ ಸಂತೋಷದಿಂದ ತಲೆಯಾಡಿಸಿದ.

“ಹಾಡಿನ್ಯಾಗ ಕೂಸು ಸತ್ತು ಹುಟ್ಟೇತಿ. ನನ್ನ ಕೂಸು ಜೀವಂತ ಹುಟ್ಟಿತ್ರಿ. ಹೆಣ್ಣಿತ್ತು. ಘಾಟಿಗೆ ಸೀನಿತು. ನನ್ನ ಬೆರಳ ಹಿಡಕೊಂಡಿತ್ತು. ನಾವು ಕದಾ ಬಡೀತಿದ್ವಿ, ಅದು ಹಿಡಕೊಂಡ ಇತ್ತು. ಕೀಲಿ ಬಂತು, ಅದು ಬಿಟ್ಟಿತ್ತು.”

“ಬಂದ್ ಮಾಡಲೇ ಸೂಳಿಮಗನ!” ರಾವಸಾಹೇಬ ಒದರಿದ.

ಜಕ್ಕಪ್ಪ ಫೋನು ಕೆಳಗಿಳಿಸಲಿಲ್ಲ. ಮುದುಕಿ ಕೆಂಪವ್ವ ಕೂತಲ್ಲಿಂದಲೇ ಕೂಗಿದಳು: “ಖರೇ ಐತಿ! ನನ್ನ ಉಡ್ಯಾಗಿತ್ತು ಆ ಕೂಸು!”

ರಾವಸಾಹೇಬ ಫೋನು ಕಿತ್ತು ಲೈವ್ ಆರಿಸಿದ. ಅಷ್ಟರಲ್ಲಿ ಊರು ನೋಡಿಯಾಗಿತ್ತು. ಆಮೇಲೆ ಅವನು ಯಾರಿಗೂ ಬೈಯಲಿಲ್ಲ, ಕೈ ಎತ್ತಲಿಲ್ಲ. ಜಕ್ಕಪ್ಪನನ್ನು ಹೊರಗೆ ದಬ್ಬಿ, ತಾನೂ ಹೊರಬಿದ್ದು ಕದ ಎಳೆದುಕೊಂಡ. ಬೀಗ ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು. ಆಮೇಲೆ ಅವನ ದನಿ, ಬಹಳ ಶಾಂತವಾಗಿ: “ಆ ರಿಕ್ಷಾದಾಂವ ಎಲ್ಲದಾನ ನೋಡ್ರಿ ಮೊದಲ.”

ನೀಲಮ ಕದಕ್ಕೆ ಮೈ ಅಪ್ಪಳಿಸಿ, “ವಿಕ್ರಾಂತಾ!” ಎಂದು ಚೀರಿದಳು. ಬೀದಿಯವರೆಗೆ ಮುಟ್ಟುವ ದನಿ ಅದಲ್ಲ. ಹಿಂದೆ ಜರಡಿಗಳು ಕೆಳಗೆ ಬಿದ್ದವು. ಹೆಂಗಸರೆಲ್ಲ ಎದ್ದು ಬಂದು ಅವಳ ಸುತ್ತ ನಿಂತರು, ಸುಂದರಾ ತೂಕದ ಕಬ್ಬಿಣದ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕದದ ಕಡೆ ಬಂದಳು.

ಹೊರಗೆ ರಾವಸಾಹೇಬನ ಆಳುಗಳ ಜೀಪು ಚಾಲೂ ಆಗಿ, ರಿಕ್ಷಾ ಸ್ಟ್ಯಾಂಡಿನ ಕಡೆ ತಿರುಗಿತು.