ಚಿತ್ತಿಲ್ಲದ ಪ್ರತಿ

ಸ್ಟೇಪ್ಲರ್‌ಗೂ ಹೆಸರಿನ ಚೀಟಿ, ಕತ್ತರಿಗೂ ಚೀಟಿ, ಕಳ್ಳರ ಊರಿನ ಮೇಜೇ ಇದು ಎಂದುಕೊಂಡಳು ಅನಸೂಯಾ, ಆಮೇಲೆ ಇಂಗ್ಲಿಷ್ ಟೀಚರ್ ತನ್ನನ್ನೇ ನೋಡುತ್ತಿರುವುದು ಗೊತ್ತಾಗಿ ನಕ್ಕಳು, ನಗು ಯಾರೋ ಅಂಟಿಸಿಹೋದಂತೆ ಮುಖದ ಮೇಲೆ ಹಾಗೇ ಉಳಿಯಿತು — ಪಕ್ಕದಲ್ಲಿ ಮಗಳು ಸಿಂಚನಾ, ಹನ್ನೊಂದನೇ ತರಗತಿ, ಅಡ್ವಾನ್ಸ್ಡ್ ಇಂಗ್ಲಿಷ್, ಸ್ಕರ್ಟಿನ ಅಂಚಿನ ದಾರ ಎಳೆಯುತ್ತಿದ್ದಾಳೆ, ಎದುರಿಗೆ ಮಕ್ಕಳ ಪೋರ್ಟ್‌ಫೋಲಿಯೊಗಳ ರಾಶಿ, ಒಂದೊಂದೂ ತುಂಬು ಬಸುರಿ, ಹರಿದ ಹಾಳೆ, ಕಾಫಿ ಕಲೆ, ಬಾಣದ ಗುರುತು, ಗೀಚಾಟ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ ಮರ್ಯಾದೆ ಮಾಡಿದ್ದಾರೆ, ಸಿಂಚನಾಳದು ಮಾತ್ರ ತೆಳ್ಳಗೆ, ಶುಭ್ರ, ಮದುವೆಯ ಕರೆಯೋಲೆಯ ಹಾಗೆ. ಬರಹ ಚೆನ್ನಾಗಿದೆ, ಬಹಳ ಚೆನ್ನಾಗಿದೆ, ತೊಂದರೆ ಅದೇ, ಎನ್ನುತ್ತಿದ್ದಾರೆ ಟೀಚರ್, ಅವಳೇ ಬರೆದದ್ದು ಎನ್ನುವುದಕ್ಕೆ ಕರಡುಗಳು ಬೇಕು, ಎಲ್ಲಿ ಎಡವಿದಳು, ಯಾಕೆ ಬದಲಾಯಿಸಿದಳು, ಆ ಯೋಚನೆಗೇ ಅರ್ಧ ಅಂಕ, ಕರಡಿಲ್ಲದಿದ್ದರೆ ಸೊನ್ನೆ, ಸೊನ್ನೆ ಬಂದರೆ ಈ ಕ್ಲಾಸಿನಲ್ಲಿ ಉಳಿಯುವ ಹಾಗಿಲ್ಲ. ಐ ಟೋಲ್ಡ್ ಯು ಮಿಸ್, ಮಮ್ ಬಿನ್ನಿಗೆ ಹಾಕಿದ್ರು, ಎಂದಳು ಸಿಂಚನಾ.

ಎಡವಿದ್ದಕ್ಕೆ ಅಂಕ, ಎಂಥ ದೇಶ, ರಾಣೆಬೆನ್ನೂರಿನಲ್ಲಿ ಎಡವಿದರೆ ಬೆರಳಿನ ಗೆಣ್ಣಿನ ಮೇಲೆ ಅಡಿಕೋಲು ಬೀಳುತ್ತಿತ್ತು, ರಫ್ ಬುಕ್ ಎನ್ನುವುದು ಒಳಲಂಗದ ಹಾಗೆ, ಎಲ್ಲರಿಗೂ ಇರುತ್ತದೆ, ಯಾರೂ ತೋರಿಸುವುದಿಲ್ಲ, ಅಪ್ಪಿತಪ್ಪಿ ಕಂಡರೆ ಅನ್ನಪೂರ್ಣವ್ವ ಟೀಚರು ಇಡೀ ಕ್ಲಾಸಿಗೆ ಎತ್ತಿ ಹಿಡಿದು, ಇದು ವಹಿ ಏನಬೇ, ಕೋಳಿ ಕೆದರಿದ ತಿಪ್ಪಿ ಏನು, ಎನ್ನುತ್ತಿದ್ದರು, ಅದಕ್ಕೇ ತಾನು ಫೇರ್ ಕಾಪಿ ಉಳಿಸಿ ಉಳಿದದ್ದನ್ನು ಹಳದಿ ಮುಚ್ಚಳದ ರದ್ದಿ ಬಿನ್ನಿಗೆ ಹಾಕಿದ್ದು, ಹಾಗೆಂದು ನಿನ್ನೆ ರಾತ್ರಿ ಫೋನಿನಲ್ಲಿ ಗಂಡ ಚಕ್ರಪಾಣಿಗೂ ಹೇಳಿದ್ದಳು, ಅವನು ಮೆಲ್ಬರ್ನಿನ ಅಂಚಿನ ಟಾರ್ನೀಟಿನ ಹೊಸ ಮನೆಯಲ್ಲಿ, ಪರದೆ ಇಲ್ಲದ ಹಾಲಿನಲ್ಲಿ ಮಾತಾಡಿದರೆ ದನಿ ಎರಡೆರಡು ಸಲ ಕೇಳಿಸುತ್ತದೆ, ಅಯ್ಯೋ ಅದಕ್ಯಾಕೆ ತಲೆ ಕೆಡಿಸ್ಕೊತೀಯ ಅನು, ನಾಲ್ಕು ಡ್ರಾಫ್ಟ್ ನಾವೇ ಮಾಡ್ಕೊಡೋಣ, ಆಡಿಟ್ ಬಂದ್ರೆ ಆಫೀಸಲ್ಲಿ ಎಲ್ರೂ ಹಳೇ ಡೇಟ್ ಹಾಕೇ ಡಾಕ್ಯುಮೆಂಟ್ ಮಾಡೋದು, ತಪ್ಪು ಬೇಕಾ ತಪ್ಪೂ ಹಾಕೋಣ. ತಪ್ಪು ಹಾಕುವುದರಲ್ಲಿ ಈ ಮನುಷ್ಯನಿಗೆ ಅನುಭವವಿದೆ, ಎಂದುಕೊಂಡಳು, ಸಿಟ್ಟು ಬರಬೇಕಿತ್ತು, ಬರಲಿಲ್ಲ, ಹಲ್ಲು ಕೀಳುವ ಮುಂಚಿನ ಇಂಜೆಕ್ಷನ್ ಇಡೀ ಮೈಗೆ ಹತ್ತಿದಂತಿದೆ, ಆಯ್ತು ರೀ ಇಡ್ತೀನಿ. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಸುಜಾತಾ ಆಂಟಿ, ಏನಮ್ಮಾ, ನಿಮ್ಮನೆಯವ್ರಿಗೆ ಇನ್ನೂ ಮೆಲ್ಬರ್ನ್ ಸಾಕಾಗ್ಲಿಲ್ವಾ, ಹೂಂ ಆಂಟಿ, ಅಲ್ಲೇ ಕೆಲಸ ಅಲ್ವಾ, ಸಿಂಚು ಟ್ವೆಲ್ತ್ ಮುಗೀಲಿ ನಾವೂ ಹೋಗ್ತೀವಿ, ಎಷ್ಟು ಸಲ ಹೇಳಿದ್ದಾಳೋ, ಹೇಳಿ ಹೇಳಿ ಅದೂ ಒಂದು ಫೇರ್ ಕಾಪಿ.

ಟೀಚರ್ ನಿಟ್ಟುಸಿರು ಬಿಟ್ಟು, ಒಂದು ದಾರಿ ಇದೆ ಎನ್ನುತ್ತಾರೆ, ಹಾಳೆ ಎಸೆಯುವ ಮುಂಚೆ ನೀವು ಏನಾದರೂ ಓದಿದ್ದಿರಾ, ಒಂದೇ ಒಂದು ತಿದ್ದುಪಡಿ ನೆನಪಿದ್ದರೂ ಸಾಕು, ಇದ್ದ ಹಾಗೆ ಬರೆದು ಸಹಿ ಹಾಕಿ, ಸಿಂಚನಾ ಪಕ್ಕದ ಕೋಣೆಯಲ್ಲಿ ಅವಳ ನೆನಪಿನದು ಬರೆಯಲಿ, ಎರಡೂ ತಾಳೆಯಾದರೆ ನಾನು ಒಪ್ಪಿಕೊಳ್ಳುತ್ತೇನೆ. ಓದಿಲ್ಲ ಎನ್ನಲು ಅನಸೂಯಾ ಬಾಯಿ ತೆರೆದಳು, ಸಿಂಚನಾ ಎದ್ದವಳು ಕಿವಿಯ ಹತ್ತಿರ ಬಗ್ಗಿ, ಅಮ್ಮಾ, ಯು ರೆಡ್ ಇಟ್, ಡಿಡಂಟ್ ಯು, ಅಕ್ಷರ ಚೆನ್ನಾಗಿರ್ಲಿಲ್ಲ ಪುಟ್ಟಾ, ದಟ್ಸ್ ನಾಟ್ ವಾಟ್ ಐ ಆಸ್ಕ್ಡ್, ಬಾಗಿಲು ಮುಚ್ಚಿತು, ಗಾಜಿನಾಚೆ ಅವಳ ತಗ್ಗಿದ ತಲೆ, ನಡುವಿನ ಬೈತಲೆ ನೆಟ್ಟಗೆ, ಕೈ ಆಗಲೇ ಓಡುತ್ತಿದೆ, ಏನು ಬರೆಯುತ್ತಿದ್ದಾಳೋ.

ಓದಿದ್ದಳು ಅನಸೂಯಾ, ಬಿನ್ನಿನ ಪಕ್ಕ ನಿಂತು ಓದಿದ್ದಳು, ಒಂದೇ ಪುಟ, ಅದರಲ್ಲೂ ಮೂರು ಸಾಲು, ಅಪ್ಪ ಅಮ್ಮ ಎರಡು ಊರಿನಲ್ಲಿರುವುದು ಅಪ್ಪನ ಕೆಲಸಕ್ಕಾಗಿ, ಅದರ ಮೇಲೊಂದು ಗೆರೆ, ಎರಡು ಊರಿನಲ್ಲಿರುವುದು ನನ್ನ ಓದಿಗಾಗಿ, ಅದರ ಮೇಲೂ ಗೆರೆ, ಕೆಳಗೆ ಸಣ್ಣಕ್ಷರದಲ್ಲಿ, ಅವರಿಗೆ ಒಬ್ಬರ ಮುಖ ಒಬ್ಬರು ನೋಡುವುದು ಬೇಡ, ನನಗೆ ಇದು ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ — ಅದರ ಮೇಲೆ ಗೆರೆ ಇರಲಿಲ್ಲ, ಆದರೂ ಫೇರ್ ಕಾಪಿಯಲ್ಲಿ ಆ ಸಾಲೇ ಇಲ್ಲ, ಅಪ್ಪನ ಉದ್ಯೋಗದ ನಿಮಿತ್ತ ನಮ್ಮದು ಎರಡು ನಗರಗಳ ಕುಟುಂಬ, ಎಷ್ಟು ಚೆಂದದ ಇಂಗ್ಲಿಷ್, ತನ್ನದೇ ಮಾತು, ಯುಗಾದಿ ಊಟದ್ದು, ಮಗಳು ತಿದ್ದಿ ಒಪ್ಪ ಮಾಡಿದ್ದಾಳೆ. ಅನ್ನಪೂರ್ಣವ್ವನ ಪಾಪ ಏನೂ ಇಲ್ಲ, ಬಿನ್ನಿನ ಮುಚ್ಚಳ ಹಾಕಿದ್ದು ಅಡಿಕೋಲಿನ ಭಯಕ್ಕಲ್ಲ.

ನೆನಪಿದೆಯಾ, ಎಂದರು ಟೀಚರ್, ಹಾಳೆ ಮುಂದಕ್ಕೆ ಬಂತು, ಬರೆದರೆ ಈ ಹೆಂಗಸಿಗೆ ಗೊತ್ತಾಗುತ್ತದೆ, ಫೈಲಿಗೆ ಸೇರುತ್ತದೆ, ಬರೆಯದಿದ್ದರೆ ಹುಡುಗಿ ಕದ್ದು ಬರೆದವಳಾಗುತ್ತಾಳೆ, ಅನಸೂಯಾ ಪೆನ್ನು ಹಿಡಿದಳು, ಅಪ್ಪನ ಕೆಲಸಕ್ಕಾಗಿ, ಬರೆದು ಗೆರೆ ಎಳೆದಳು, ನನ್ನ ಓದಿಗಾಗಿ, ಬರೆದು ಗೆರೆ ಎಳೆದಳು, ಮೂವತ್ತು ವರ್ಷಗಳ ಮೇಲೆ ಚಿತ್ತು ಮಾಡುವ ಸುಖ, ಸುಖವೂ ಅಲ್ಲ, ಮೂರನೆಯ ಸಾಲು ಸಣ್ಣಕ್ಷರದಲ್ಲೇ ಬಂತು, ಪೂರ್ತಿ ಬಂತು, ಗಾಜಿನಾಚೆ ಸಿಂಚನಾಳ ಕೈ ನಿಂತಿದೆ, ಇತ್ತಲೇ ನೋಡುತ್ತಿದ್ದಾಳೆ, ಇಲ್ಲಿ ಕೈ ತಾನಾಗಿ ಸಾಲಿನ ಮೊದಲಿಗೆ ಹೋಯಿತು, ಗೆರೆ ಎಳೆಯಲು, ಇದಕ್ಕೆ ಗೆರೆ ಇಲ್ಲ, ಮೊದಲ ಅಕ್ಷರದ ಮೇಲೆ ಪೆನ್ನಿನ ಮೊನೆ, ಎಳೆಯಬಾರದು, ಎತ್ತಲೂ ಆಗುತ್ತಿಲ್ಲ, ಶಾಯಿ ಒಂದು ಚುಕ್ಕೆಯಾಗಿ ಕಾಗದಕ್ಕೆ ಇಳಿಯುತ್ತಿದೆ, ಚುಕ್ಕೆ, ಇನ್ನಷ್ಟು ದೊಡ್ಡ ಚುಕ್ಕೆ, ಮೊನೆ ಅಲ್ಲೇ, ಚುಕ್ಕೆ