ಮೊದಲನೆಯ ಕುರ್ಚಿ

“ಯೂದಾಸನ ಪಾದವನ್ನೂ ಯೇಸುಸ್ವಾಮಿ ತೊಳೆದರಲ್ಲ, ಇನ್ನಾಸಪ್ಪನವರೇ. ಅದನ್ನು ನಾವೆಲ್ಲ ನೆನಪಿಟ್ಟುಕೊಳ್ಳಬೇಕು,” ಎಂದರು ಫಾದರ್.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ವರ್ಷದ ಹಿಂದಷ್ಟೇ ಈ ಊರಿಗೆ ಬಂದಿದ್ದ, ಮೂವತ್ತೈದು ದಾಟದ ಗುರುಗಳು. ಜಗಳ ತಣ್ಣಗಾಗಲಿ ಎಂದು ಹುಡುಕಿ ಹುಡುಕಿ ಈ ಮಾತು ತಂದಿದ್ದರು. ಅದೇ ಮಾತು ಇನ್ನಾಸಪ್ಪನ ಮೈಗೆ ಕೆಂಡದಂತೆ ತಾಗಿತು.

“ನನ್ ಮಗ ಯೂದಾಸನಾ ಫಾದರ್? ಯಾರ್ನ ಇಡ್ಕೊಟ್ಟವ್ನೆ ಅವ್ನು?”

“ನಾನು ಹಾಗೆ ಹೇಳಲಿಲ್ಲ...”

“ಪಾಪಿ ಕಾಲ್ನೂ ತೊಳೀಬೌದು ಅಂತ ತಾನೆ ನೀವಂದಿದ್ದು? ಅಂಗಾದ್ರೆ ಬ್ಯಾಡ. ನಮ್ಮನೆ ಕುರ್ಚಿ ಮ್ಯಾಲೆ ನಮ್ಮನೆ ಮಗ ಕುಂತ್ಕೋತಾನೆ. ಅದ್ಕೆ ಕರುಣೆ ಗಿರುಣೆ ಏನೂ ಬ್ಯಾಡ.”

ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರದ ಪೂಜೆ ಮುಗಿದು ಜನ ಆಗಲೇ ಮನೆ ಸೇರಿದ್ದರು. ಚರ್ಚಿನ ಹಿಂದಿನ ಕೋಣೆಯಲ್ಲಿ ಫಾದರ್, ಪೂಜೆಗೆ ನೆರವಾಗುವ ಉಪದೇಶಿ ಜ್ಞಾನಪ್ಪ, ಚೌರಪ್ಪ, ಇನ್ನಾಸಪ್ಪ ನಾಲ್ವರೇ ಕೂತಿದ್ದರು. ಮಾತು ಬರುವ ಗುರುವಾರದ್ದು. ಯೇಸುಸ್ವಾಮಿ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಆ ಸಂಜೆ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಪಾಂಡವಪುರದ ಆಚೆ, ನಾಲೆಯ ಏರಿಯ ಕೆಳಗಿರುವ ಈ ಊರಲ್ಲಿ ಆ ಹನ್ನೆರಡು ಕುರ್ಚಿ ಹನ್ನೆರಡು ಹಳೇ ಮನೆಗಳಿಗೆ ಸೇರಿದವು. ಹೆಸರು ಕೂಗುವುದಿಲ್ಲ, ಮನೆ ಕೂಗುತ್ತಾರೆ. ಎಪ್ಪತ್ತು ತುಂಬಿದವನು ಮಗನಿಗೆ ಕುರ್ಚಿ ಬಿಟ್ಟುಕೊಡಬೇಕು. ಮೊದಲನೆಯದು ತೂಬಿನ ಮನೆಯದು, ಅಂದರೆ ಇನ್ನಾಸಪ್ಪನದು. ಇಪ್ಪತ್ತೊಂಬತ್ತು ವರ್ಷ ಅದರಲ್ಲಿ ಕೂತಿದ್ದ. ಜನವರಿಯಲ್ಲಿ ಅವನಿಗೆ ಎಪ್ಪತ್ತು ತುಂಬಿತು.

ಎರಡನೆಯದು ಬಾವಿ ಮನೆಯದು. ಅದರಲ್ಲಿ ಕೂರುವ ಚೌರಪ್ಪ ಈಗ ಎದುರಿಗೇ ಕೂತು ತೊಡೆ ಅಲ್ಲಾಡಿಸುತ್ತಿದ್ದ. ಹೋದ ಕ್ರಿಸ್‌ಮಸ್‌ಗೆ ಅವನೇ ತನ್ನ ಮಗಳು ರಮ್ಯಳನ್ನು ಇನ್ನಾಸಪ್ಪನ ಮಗ ಅಂತೋಣಿಗೆ ಕೊಡುವ ಮಾತು ಎತ್ತಿದ್ದ. ಅಂತೋಣಿ ಸುತ್ತಿ ಬಳಸದೆ, ಕೆ.ಆರ್.ಪೇಟೆಯಲ್ಲಿ ತಾನು ತಿಮ್ಮರಾಜು ಅನ್ನುವವನ ಜೊತೆ ಆರು ವರ್ಷದಿಂದ ಬಾಳುತ್ತಿದ್ದೇನೆ, ತನಗೆ ಹೆಣ್ಣು ಬೇಡ ಎಂದು ಬೀದಿಯಲ್ಲಿ ನಿಂತೇ ಹೇಳಿಬಿಟ್ಟಿದ್ದ. ಅದುವರೆಗೂ ಎಲ್ಲರಿಗೂ ಅನುಮಾನವಿತ್ತು, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡಲಿಲ್ಲ. ಈಗ ಕುರ್ಚಿಯ ನೆಪದಲ್ಲಿ ಬಾಯಿಗೆ ಬಂದಿತ್ತು.

“ಇನ್ನಾಸಣ್ಣ, ನಿನ್ ಅಳಿಮಯ್ಯನ್ನ ಕೂರ್ಸು. ಯಾರೂ ಕೇಳಕಿಲ್ಲ,” ಎಂದ ಚೌರಪ್ಪ.

“ಮಗ ಇರೋವಾಗ ಅಳಿಯನ್ನ ಯಾಕ್ಲಾ ಕೂರುಸ್ಲಿ? ಮೂವತ್ತೊಂದು ವರ್ಸ ನಾಲೆ ತೂಬು ತಿರುವಿದ್ದೀನಿ. ಕುಡುಕ ಅಂತ್ಲೋ ಕಳ್ಳ ಅಂತ್ಲೋ ಯಾವನ ಗದ್ದೆ ಸರದಿನಾರ ತಪ್ಪಿಸಿದ್ದೀನಾ? ನಿಂಗೇ ಗೊತ್ತು. ನೀನು ನನ್ನ ಮ್ಯಾಲೆ ಸ್ಟೇಸನ್ನಿಗೆ ಕಂಪ್ಲೇಂಟು ಕೊಟ್ಟ ವರ್ಸವೂ ನಿನ್ನ ಗದ್ದೆಗೆ ಒತ್ತಿಗೆ ಸರ್ಯಾಗಿ ನೀರು ಬಂತು.”

ಜ್ಞಾನಪ್ಪ ನಕ್ಕು, ಕೆಮ್ಮಿದಂತೆ ಮಾಡಿದ.

ಫಾದರ್ ಮತ್ತೆ ಸಮಾಧಾನಕ್ಕೆ ಬಂದರು. “ಹಿಂದಿನ ಪೋಪ್ ಇದ್ದಾಗ ರೋಮಿನಿಂದ ಒಂದು ಪತ್ರ ಬಂದಿದೆ. ಅಂಥ ಜೋಡಿ ಕೇಳಿದರೆ ಆಶೀರ್ವಾದ ಕೊಡಬಹುದು. ಆದರೆ ಮದುವೆಯ ಹಾಗೆ ಕಾಣಬಾರದು ಅಂತಲೂ ಅದರಲ್ಲೇ ಇದೆ.”

“ನಾನು ಮದುವೆ ಮಾಡ್ಸಿ ಅಂತ ಕೇಳ್ನಿಲ್ಲ ಸ್ವಾಮಿ. ಕಾಲು ತೊಳೀರಿ ಅಂದೆ.”

“ಒಂದ್ ಮಾತು ಯೋಳ್ಬುಡು,” ಎಂದ ಚೌರಪ್ಪ, ಮುಂದಕ್ಕೆ ಬಾಗಿ. “ಆ ತಿಮ್ಮರಾಜು ನಿನ್ ಮಗನ್ಗೆ ಏನಾಗ್ಬೇಕು? ಅದ್ನ ಬಾಯ್ಬುಟ್ಟು ಯೋಳು, ನಾನು ಎದ್ದೋಯ್ತೀನಿ.”

ಇನ್ನಾಸಪ್ಪ ಬಾಯಿ ತೆರೆದ. ಸ್ನೇಹಿತ ಅಂದರೆ ಸುಳ್ಳಾಗುತ್ತಿತ್ತು. ಉಳಿದ ಪದಗಳೆಲ್ಲ ಬೈಗುಳಗಳು. ಟಿ.ವಿ.ಯಲ್ಲಿ ಬರುವ ಪದ ಕಾನೂನಿನದು, ಅವನ ನಾಲಿಗೆಗೆ ತಿರುಗದು. ಎಪ್ಪತ್ತು ವರ್ಷದಲ್ಲಿ ಎಂದೂ ಮಾತಿಗೆ ಸೋಲದವನು ಹಾಗೇ ಬಾಯಿ ಮುಚ್ಚಿದ. ಚೌರಪ್ಪ ಗೆದ್ದವನಂತೆ ಟವೆಲ್ಲು ಕೊಡವಿಕೊಂಡು ಎದ್ದ.

“ಅಂತೋಣಿ ಬರಲಿ,” ಎಂದರು ಫಾದರ್ ಕೊನೆಗೆ. “ಒಬ್ಬನೇ ಬಂದರೆ ಎಲ್ಲರಿಗೂ ಸುಲಭ.”

ಮಾರನೆಯ ದಿನ ಇನ್ನಾಸಪ್ಪ ಪಾಂಡವಪುರಕ್ಕೆ ಹೋಗಿ ಕೆ.ಆರ್.ಪೇಟೆ ಬಸ್ಸು ಹತ್ತಿದ. ಫೋನಿನಲ್ಲಿ ಹೇಳುವ ಮಾತಲ್ಲ ಅನಿಸಿತ್ತು. ಆರು ವರ್ಷದಲ್ಲಿ ಅವನು ಮಗನ ಅಂಗಡಿಗೆ ಹೋದದ್ದು ಎರಡು ಸಲ. ಎರಡು ಸಲವೂ ಬಾಗಿಲಲ್ಲೇ ನಿಂತು ಬಂದಿದ್ದ.

ಅಂತೋಣಿಯದು ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಅಂಗಡಿ ತುಂಬ ತಾಮ್ರದ ತಂತಿ, ವಾರ್ನಿಷಿನ ವಾಸನೆ. ಕಿಕ್ಕೇರಿ ಕಡೆಯ ರೈತನೊಬ್ಬ ಸ್ಟೂಲಿನ ಮೇಲೆ ಕೂತು ಅವಸರ ಮಾಡುತ್ತಿದ್ದ. ಒಂದು ಗಂಟೆಯಾಗಿತ್ತು.

“ಉಣ್ಣಕ್ಕೆ ಅಂತ ಬಾಗ್ಲಾಕ್ಕೊಂಡು ಓಗ್ಬುಡ್ಬ್ಯಾಡ ಕಣಪ್ಪ. ಕಬ್ಬು ಒಣಗ್ತಾ ಐತೆ.”

“ಎಲ್ಲೂ ಓಗಕಿಲ್ಲ ಗೌಡ್ರೆ. ನಮ್ಮನೆಯವ್ರೇ ಬುತ್ತಿ ತತ್ತಾರೆ,” ಎಂದ ಅಂತೋಣಿ, ತಂತಿಯಿಂದ ಕಣ್ಣೆತ್ತದೆ.

ಅಷ್ಟರಲ್ಲಿ ಬೈಕು ನಿಂತಿತು. ತಿಮ್ಮರಾಜು ಊಟದ ಕ್ಯಾರಿಯರ್ ಹಿಡಿದು ಒಳಗೆ ಬಂದ. ನಾಗಮಂಗಲದ ಕಡೆಯ ಒಕ್ಕಲಿಗರ ಹುಡುಗ, ಹಾಲಿನ ಡೇರಿಯಲ್ಲಿ ಕೆಲಸ. ರೈತ ಅವನನ್ನು ನೋಡಿದ, ಕ್ಯಾರಿಯರ್ ನೋಡಿದ.

“ಏನಪ್ಪ ಸಾರು ಇವತ್ತು?”

“ಬಸ್ಸಾರು ಗೌಡ್ರೆ.”

“ಅಂಗಾದ್ರೆ ಬಿರ್ರನೆ ಉಂಡ್ಬುಡ್ಲಿ, ಆಮ್ಯಾಲೆ ಸುತ್ಲಿ,” ಎಂದು ರೈತ ಬೀಡಿ ಸೇದಲು ಆಚೆ ಹೋದ.

ಇನ್ನಾಸಪ್ಪ ಬಾಗಿಲ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನಮ್ಮನೆಯವರು. ನಲವತ್ತೈದು ವರ್ಷದಿಂದ ಹೆಂಡತಿ ಆರೋಗ್ಯಮ್ಮ ಅವನನ್ನು ಊರಿನವರ ಮುಂದೆ ಕರೆಯುತ್ತಿದ್ದದ್ದು ಹಾಗೆಯೇ, ಅವನು ಅವಳನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಭಾನುವಾರ ಅವನ ಬಾಯಿಗೆ ಬರದ ಪದ ಎಲ್ಲೂ ಕಳೆದಿರಲಿಲ್ಲ. ದಿನಾ ಆಡುತ್ತಿದ್ದುದರಿಂದ ಕಾಣದೆ ಹೋಗಿತ್ತು.

“ಅಪ್ಪ! ಬನ್ನಿ, ಕುಂತ್ಕೊಳ್ಳಿ. ಮಂಡಿ ಎಂಗದೆ?” ಎಂದು ತಿಮ್ಮರಾಜು ಸ್ಟೂಲು ಎಳೆದ. ಹೋದ ವರ್ಷ ಇನ್ನಾಸಪ್ಪನ ಮಂಡಿ ಆಪರೇಷನ್ನಿಗೆ ಮೈಸೂರಿನಲ್ಲಿ ಹನ್ನೊಂದು ದಿನ ರಜೆ ಹಾಕಿ ನಿಂತವನು ಅವನು. ಮಲಗಿದಲ್ಲೇ ಎಲ್ಲ ಮಾಡಿಸಿ, ಎತ್ತಿ ಕೂರಿಸಿ, ಮಗ ಮಾಡುವುದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದ್ದ. ಆಗಲೂ ಇನ್ನಾಸಪ್ಪ ಅವನನ್ನು “ಏನಪ್ಪ” ಎಂದು ಕರೆದು ಸುಮ್ಮನಾಗಿದ್ದ. “ಉಣ್ಣಿ ಬನ್ನಿ. ಈಸ್ಟರ್‌ಗಂಟ ತಪಸ್ಸು ಕಾಲ ಅಲ್ವಾ, ಮೊಟ್ಟೆನೂ ಆಕಿಲ್ಲ. ಇವ್ನೇ ಆಮ್ಲೆಟ್ಟು ಆಮ್ಲೆಟ್ಟು ಅಂತಾನೆ, ನಾನೇ ಬುಡಕಿಲ್ಲ.”

ಮೂವರೂ ಉಂಡರು. ಕೈ ತೊಳೆದ ಮೇಲೆ ಇನ್ನಾಸಪ್ಪ ವಿಷಯ ಹೇಳಿದ.

“ಬ್ಯಾಡ ಬುಡಪ್ಪ,” ಎಂದ ಅಂತೋಣಿ. “ಕಾಲು ತೊಳಿಸ್ಕೊಂಡು ನನ್ಗೇನಾಗ್ಬೇಕು? ನಾವಿಲ್ಲಿ ನೆಮ್ಮದಿಯಾಗಿದ್ದೀವಿ. ಅಳೀಮಯ್ಯನ್ನೇ ಕೂರ್ಸು.”

“ನೀನು ಕೂತ್ಕೋತೀಯಾ ಅಂತ ಕೇಳಕ್ಕೆ ಎರಡು ಬಸ್ಸು ಬದ್ಲಾಯ್ಸಿ ಬಂದಿಲ್ಲ ಕಣ್ಲಾ. ಗುರುವಾರ ಆರು ಗಂಟೆಗೆ ಅಂತ ಯೋಳಕ್ಕೆ ಬಂದೆ.” ಇನ್ನಾಸಪ್ಪ ಚಪ್ಪಲಿ ಮೆಟ್ಟಿಕೊಂಡ. “ಒಬ್ನೇ ಬರ್ಬ್ಯಾಡ.”

ತಿಮ್ಮರಾಜು ಕ್ಯಾರಿಯರ್ ಮುಚ್ಚಳ ತಿರುಗಿಸುತ್ತಿದ್ದವನು ಹಾಗೇ ನಿಂತ.

ಗುರುವಾರ ಐದೂವರೆಗೆ ಇಬ್ಬರೂ ಒಂದೇ ಬೈಕಿನಲ್ಲಿ ಬಂದರು. ಅಂತೋಣಿ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟಿದ್ದ. ಆರೋಗ್ಯಮ್ಮ ಮಗನ ಕಾಲು ನೋಡಿ, “ಉಗುರು ಕತ್ತರಿಸ್ಕೊಂಡು ಬರಕ್ಕೇನ್ಲಾ ರೋಗ,” ಎಂದು ಬೈದಳು. “ನಂಗೆ ಬೈಬ್ಯಾಡವ್ವ, ಅವ್ನಿಗೆ ಬಯ್ಯಿ. ನೋಡಿ ಕಳಿಸೋನು ಅವ್ನೇ,” ಎಂದ ಅಂತೋಣಿ. ಆರೋಗ್ಯಮ್ಮ ಹಿಂದೆಮುಂದೆ ನೋಡದೆ ತಿಮ್ಮರಾಜನಿಗೂ ಒಂದು ಮಾತು ಬೈದಳು.

ಚರ್ಚಿನ ಬಾಗಿಲಲ್ಲಿ ಚೌರಪ್ಪ ನಿಂತಿದ್ದ. ಸುತ್ತ ಏಳೆಂಟು ಮಂದಿ.

“ಅವ್ನೊಬ್ನೇ ಅಂತ ಮಾತಾಗಿತ್ತು, ಇನ್ನಾಸಣ್ಣ. ಇವ್ನ್ಯಾರು?”

“ಮೊನ್ನೆನೂ ಅದ್ನೇ ಕೇಳ್ದೆ ನೀನು. ಅವತ್ತು ತೋಚ್ನಿಲ್ಲ,” ಎಂದ ಇನ್ನಾಸಪ್ಪ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ನಾಲೆಯ ಆಚೆ ದಡದವನಿಗೆ ಸರದಿ ಹೇಳುವಾಗಿನ ದನಿ. “ಇವ್ನು ನನ್ನ ಮಗನ ಮನೆಯವ್ನು. ಅಂತೋಣಿಗೆ ಇವ್ನು ಮನೆಯವ್ನು, ಇವ್ನಿಗೆ ಅಂತೋಣಿ ಮನೆಯವ್ನು. ಗೊತ್ತಾಯ್ತಾ? ಇನ್ನು ದಾರಿ ಬುಡು, ಗಂಟೆ ಒಡೀತಾವ್ರೆ.”

ಒಬ್ಬನು ನಗಲು ಹೋಗಿ ಇನ್ನಾಸಪ್ಪನ ಮುಖ ನೋಡಿ ಬಿಟ್ಟ. ಅಂತೋಣಿ ಅಪ್ಪನನ್ನು, ಎಂದೂ ನೋಡದವನನ್ನು ನೋಡುವಂತೆ ನೋಡಿದ. ಇನ್ನಾಸಪ್ಪ ತಿರುಗದೆ ಒಳಗೆ ನಡೆದ. ಆ ಮಾತು ಆಡಿದರೆ ನಾಲಿಗೆ ತೊಡರಬಹುದು ಎಂದು ಕೆ.ಆರ್.ಪೇಟೆಯಿಂದ ಬರುವ ಬಸ್ಸಿನಲ್ಲಿ ಹೆದರಿದ್ದ. ತೊಡರಲಿಲ್ಲ. ಸರಿಯಾದ ಬೀಗಕ್ಕೆ ಸರಿಯಾದ ಕೀಲಿ ಹಾಕಿದಷ್ಟು ಸಲೀಸಾಗಿತ್ತು.

ಫಾದರ್ ಅವರ ಪ್ರವಚನ ಮುಗಿಯಿತು. ಪೀಠದ ಮುಂದೆ ಹನ್ನೆರಡು ಕುರ್ಚಿ ಸಾಲಾಗಿದ್ದವು. ಉಪದೇಶಿ ಮೈಕಿನಲ್ಲಿ ಕೂಗಿದ: “ತೂಬಿನ ಮನೆ.”

ಅಂತೋಣಿ ಎದ್ದು ಹೋಗಿ ಮೊದಲನೆಯ ಕುರ್ಚಿಯಲ್ಲಿ ಕೂತ.

“ಬಾವಿ ಮನೆ.”

ಚೌರಪ್ಪ ಕೈಕಟ್ಟಿ ಕೂತೇ ಇದ್ದ. ಉಪದೇಶಿ ಇನ್ನೊಮ್ಮೆ ಕೂಗಿದ. ಚೌರಪ್ಪ ಗೋಡೆ ನೋಡಿದ. ಉಪದೇಶಿ ಉಳಿದ ಮನೆಗಳನ್ನು ಕೂಗಿದ, ಹತ್ತು ಮಂದಿ ಹೋಗಿ ಕೂತರು. ಎರಡನೆಯ ಕುರ್ಚಿ ಮಾತ್ರ, ಬಾಯಲ್ಲಿ ಬಿದ್ದ ಹಲ್ಲಿನ ಜಾಗದ ಹಾಗೆ, ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಫಾದರ್ ಬೋಗುಣಿಯ ಪಕ್ಕ ನಿಂತು ಟವೆಲ್ಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಹಿಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಇನ್ನಾಸಪ್ಪ ಬೆಂಚಿನ ತುದಿಗೆ ಸರಿದ. ಖಾಲಿ ಕುರ್ಚಿಯ ಪಕ್ಕ ಕೂತ ಮಗ ಇಡೀ ಊರಿಗೆ ರೋಗಿಯಂತೆ ಕಾಣುತ್ತಾನೆ. ಕೈಹಿಡಿದು ಎಬ್ಬಿಸಿಕೊಂಡು ಬಂದುಬಿಡಲೇ ಅನ್ನಿಸಿತು.

ಹೆಂಗಸರ ಕಡೆಯಿಂದ ಯಾರೋ ಎದ್ದರು. ಮದಲೇನಮ್ಮ, ಚೌರಪ್ಪನ ತಾಯಿ, ಎಂಬತ್ತೆರಡು ವರ್ಷ. ಬೆಂಚು ಹಿಡಿದುಕೊಂಡು, ಸೆರಗು ಸಿಕ್ಕಿಸಿಕೊಂಡು, ಮೂರು ಮೆಟ್ಟಿಲನ್ನು ಮೂರು ಬೆಟ್ಟದಂತೆ ಹತ್ತಿ, ಎರಡನೆಯ ಕುರ್ಚಿಯಲ್ಲಿ ದೊಪ್ಪನೆ ಕೂತಳು.

“ಅಜ್ಜಿ, ಇದು ಗಂಡಸ್ರು ಕುಂತ್ಕೊಳ್ಳೋದು...” ಎಂದ ಉಪದೇಶಿ, ಮೈಕಿಗೆ ಕೈ ಅಡ್ಡ ಹಿಡಿಯುವುದು ಮರೆತು.

“ಬಾವಿ ಮನೆ ಅಂತ ಕೂಗ್ದೆ. ಬಾವಿ ಮನೆ ಬಂದೈತೆ. ನಮ್ಮತ್ತೆ ಮಾವ ಬಾಳಿದ ಮನೆ ಕುರ್ಚಿ ಖಾಲಿ ಬುಟ್ಟು ಊರೋರ ಕೈಲಿ ಆಡಿಸ್ಕೊಳಕ್ಕೆ ನಾನೇನು ಸತ್ತೋಗಿದ್ದೀನಾ? ನೀರು ಉಯ್ಯಿ, ಸ್ವಾಮಿ.”

“ಹೆಂಗಸರು ಕೂರಬಹುದು ಅಂತ ರೋಮಿನಿಂದ ಅಪ್ಪಣೆಯಾಗಿ ಎಷ್ಟೋ ವರ್ಷ ಆಯಿತು, ಜ್ಞಾನಪ್ಪ,” ಎಂದರು ಫಾದರ್. ಅವರ ಮುಖಕ್ಕೆ ಆ ವಾರದಲ್ಲಿ ಮೊದಲ ಸಲ ಬಣ್ಣ ಬಂದಿತ್ತು. “ಈ ಊರಿಗೆ ಬಂದು ಮುಟ್ಟಿರಲಿಲ್ಲ, ಅಷ್ಟೇ.”

ಮದಲೇನಮ್ಮ ಪಕ್ಕಕ್ಕೆ ತಿರುಗಿದಳು. “ನಿನ್ ಮ್ಯಾಲೆ ನನ್ ಸಿಟ್ಟು ಇನ್ನೂ ಓಗಿಲ್ಲ ಕಣ್ಲಾ ಅಂತೋಣಿ. ಚಿನ್ನದಂಥಾ ನನ್ನ ಮೊಮ್ಮಗಳ ಬ್ಯಾಡ ಅಂದೋನು.”

“ಅವ್ಳೂ ನನ್ನ ಬ್ಯಾಡ ಅಂದಿದ್ಲು ಅಜ್ಜಿ.”

ಮೈಕು ಅದನ್ನೂ ಊರಿಗೆಲ್ಲ ಹೇಳಿತು. ಹೆಂಗಸರ ಕಡೆ ರಮ್ಯ ಮುಖ ಮುಚ್ಚಿಕೊಂಡಳು. ನಗು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹರಿಯಿತು. ಎಲ್ಲರೂ ನಗಲಿಲ್ಲ. ಇಬ್ಬರು ಎದ್ದು ಹೊರಗೆ ಹೋದರು. ಚೌರಪ್ಪ ಎದ್ದು ಹೋಗಲಿಲ್ಲ. ಮೇಲೆ ಕೂತಿದ್ದವಳು ಅವನ ತಾಯಿ.

ಹಾಡು ಶುರುವಾಯಿತು. ಫಾದರ್ ಅಂತೋಣಿಯ ಮುಂದೆ ಮಂಡಿಯೂರಿದರು. ತಮ್ಮ ತಮ್ಮ ಮನೆಯವರ ಕಾಲು ತೊಳೆಯುವುದನ್ನು ಫೋಟೋ ತೆಗೆಯಲು ಎಲ್ಲ ಮನೆಗಳಿಂದಲೂ ಒಬ್ಬೊಬ್ಬರು ಮುಂದಕ್ಕೆ ನುಗ್ಗಿದರು. ಇನ್ನಾಸಪ್ಪ ಹಿಂದೆ ತಿರುಗಿ ನೋಡಿದ. ತಿಮ್ಮರಾಜು ಬಾಗಿಲ ಹತ್ತಿರ, ಚಪ್ಪಲಿಗಳ ರಾಶಿಯ ಪಕ್ಕ, ಜನರ ಹೆಗಲ ಮೇಲಿಂದ ಫೋನು ಎತ್ತಿ ಹಿಡಿದು, ಕಾಣದೆ ಇಳಿಸುತ್ತಿದ್ದ.

“ಏನ್ಲಾ ಅಲ್ಲಿ ನಿಂತಿದ್ದೀಯೆ?” ಎಂದ ಇನ್ನಾಸಪ್ಪ. ಹಾಡಿನ ನಡುವೆಯೂ ಅದು ಎಲ್ಲರಿಗೂ ಕೇಳಿಸಿತು. “ಅಲ್ಲಿಂದ ಏನು ಕಾಣ್ತದೆ? ಮುಂದಕ್ಕೋಗಿ ತಗಿ.”

ತಿಮ್ಮರಾಜು ಬರಿಗಾಲಲ್ಲಿ ನಡುವಿನ ದಾರಿ ಹಿಡಿದು ನಡೆದ. ಮುಂದೆ ಫೋನು ಹಿಡಿದವರ ಸಾಲಿನಲ್ಲಿ ಜಾಗವಿರಲಿಲ್ಲ. ಅಜ್ಜಿಯ ಫೋಟೋಕ್ಕೆ ಕಾಯುತ್ತಿದ್ದ ರಮ್ಯ ತಿರುಗಿಯೂ ನೋಡದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಅವನು ಅಲ್ಲಿ ಕುಕ್ಕರುಗಾಲಲ್ಲಿ ಕೂತ. ಫಾದರ್ ಹೂಜಿ ಬಗ್ಗಿಸಿದರು. ನೀರು ಅಂತೋಣಿಯ ಪಾದದ ಮೇಲಿಂದ ಇಳಿದು ಬೋಗುಣಿಗೆ ಬೀಳುತ್ತಿತ್ತು.